ತಾರಸಿಯ ಮೇಲೊಂದು ಮಾಡು

— ಮಾಸ್ಟ್ರೇ, ಕೇಳಿದರೆ ಬೇಸರ ಮಾಡಬೇಡಿ. ಇಷ್ಟು ಗಟ್ಟಿ ಮನೆಯ ಮೇಲೆ ಈ ನೀಲಿ ಶೀಟು ಯಾಕೆ?

— ಮಳೆ ಬರುತ್ತದೆ, ಅದಕ್ಕೆ. ನೀವು ಬೆಂಗಳೂರಿನಲ್ಲಿ ಹೆಚ್ಚು ಕಾಲ ಇದ್ದವರು, ಬದಿಯಡ್ಕದ ಮಳೆ ಮರೆತಿರಬಹುದು.

— ಮಳೆಗೆಂದೇ ಅಲ್ಲವೇ ಕಾಂಕ್ರೀಟು ಹಾಕಿಸಿದ್ದು?

— ಎಲ್ಲರೂ ಹಾಗೆಂದುಕೊಂಡೇ ಹಾಕಿಸಿದ್ದು. ಇದು 1984ರದ್ದು, ಕಾಸರಗೋಡು ಜಿಲ್ಲೆಯಾದ ವರ್ಷದ್ದು. ಹಂಚಿನ ಮಾಡು ಅಷ್ಟರಲ್ಲಿ ಸಾಕುಸಾಕಾಗಿತ್ತು. ಮಂಗ ಹಾರಿದರೆ ಹಂಚು ಒಡೆಯುತ್ತದೆ, ಮಡಲು ಬಿದ್ದರೆ ರೀಪು ಮುರಿಯುತ್ತದೆ, ಪಕ್ಕಾಸಿಗೆ ಗೆದ್ದಲು. ಪ್ರತಿ ಮೇ ತಿಂಗಳು ಆಳು ಹತ್ತಿಸಿ ಹಂಚು ಕೈಯಾಡಿಸಬೇಕು. ಟೇರೇಸು ಹಾಕಿಸಿ, ಮಕ್ಕಳ ಕಾಲಕ್ಕೂ ಮೇಲೆ ನೋಡುವುದು ಬೇಡ ಅಂದ ಮೇಸ್ತ್ರಿ. ಸ್ಲ್ಯಾಬಿನ ದಿನ ಕೆಲಸದವರಿಗೆಲ್ಲ ಪಾಯಸದ ಊಟ ಹಾಕಿದೆವು. ಕೆಲವು ಮಳೆಗಾಲ ಸುಖವಾಗಿಯೇ ಇದ್ದೆವು. ಆಮೇಲೆ ಒಂದು ಆಟಿಯಲ್ಲಿ ಚಾವಡಿಯ ಮೂಲೆಯಲ್ಲಿ ನಾಣ್ಯದಗಲದ ತೇವ ಕಾಣಿಸಿತು.

— ಆಮೇಲೆ ಸಿಮೆಂಟು ಹಾಲು ಹೊಯ್ದಿರಿ, ಡಾಮರು ಬಳಿದಿರಿ, ವಾಟರ್‌ಪ್ರೂಫ್ ಬಳಿದಿರಿ.

— ಪಕ್ಕದಲ್ಲಿ ನಿಂತು ನೋಡಿದವರ ಹಾಗೆ ಹೇಳುತ್ತೀರಲ್ಲ!

— ಎಲ್ಲ ಮನೆಯ ಕಥೆಯೂ ಇದೇ. ನಾಲ್ಕೈದು ಇಂಚು ದಪ್ಪದ ಸ್ಲ್ಯಾಬು ಹಗಲಿಡೀ ಕಾಯುತ್ತದೆ, ಸಂಜೆ ಒಂದು ಮಳೆ ಸುರಿದರೆ ಸರಕ್ಕನೆ ತಣಿಯುತ್ತದೆ. ಹಿಗ್ಗಿ ಕುಗ್ಗಿ ಸಣ್ಣ ಬಿರುಕು ಬರುತ್ತದೆ. ಅಲ್ಲಿಂದ ನೀರು ಇಳಿದು ಕಂಬಿ ಮುಟ್ಟಿದರೆ ತುಕ್ಕು. ತುಕ್ಕು ಹಿಡಿದ ಕಬ್ಬಿಣಕ್ಕೆ ಮೊದಲಿಗಿಂತ ಎಷ್ಟೋ ಹೆಚ್ಚು ಜಾಗ ಬೇಕು. ಜಾಗ ಸಿಗದೆ ಅದು ಒಳಗಿಂದಲೇ ಕಾಂಕ್ರೀಟನ್ನು ಒಡೆಯುತ್ತದೆ. ಉಪ್ಪಳ, ಕುಂಬಳೆ ಕಡೆ ಉಪ್ಪುಗಾಳಿಯೂ ಸೇರಿ ಈ ಕೆಲಸ ಇನ್ನೂ ಬೇಗ ಆಗುತ್ತದೆ. ಆದರೆ ಮಾಸ್ಟ್ರೇ, ನೀವು ಒಬ್ಬರೇ ಮೋಸ ಹೋದದ್ದಲ್ಲ. ಪ್ಯಾರಿಸಿನ ಹತ್ತಿರ ಪ್ವಾಸಿ ಎಂಬ ಊರಿನಲ್ಲಿ ವಿಲ್ಲಾ ಸವೋಯ್ ಅಂತ ಒಂದು ಮನೆ ಇದೆ, 1931ರಲ್ಲಿ ಮುಗಿದದ್ದು. ಕಟ್ಟಿದವನು ಲೆ ಕಾರ್ಬೂಸಿಯೆ.

— ಚಂಡೀಗಢದವನು?

— ಅವನೇ. ತೆಳ್ಳಗಿನ ಕಂಬಗಳ ಮೇಲೆ ಬಿಳಿ ಪೆಟ್ಟಿಗೆ, ಉದ್ದಕ್ಕೂ ಕಿಟಕಿ, ಮೇಲೆ ಚಪ್ಪಟೆ ತಾರಸಿ. ಪ್ರಪಂಚದ ಎಲ್ಲ ವಾಸ್ತುಶಿಲ್ಪದ ವಿದ್ಯಾರ್ಥಿಗಳೂ ಅದರ ಚಿತ್ರ ನೋಡಿಯೇ ಪಾಸಾಗುವುದು. ಆ ಮನೆಯ ಒಡತಿ ಅವನಿಗೆ ಕಾಗದದ ಮೇಲೆ ಕಾಗದ ಬರೆದಳು. ಹಜಾರದಲ್ಲಿ ಸೋರುತ್ತದೆ, ಬಚ್ಚಲಿನಲ್ಲಿ ಸೋರುತ್ತದೆ, ಗ್ಯಾರೇಜಿನ ಗೋಡೆ ನೆನೆದು ಹೋಗಿದೆ ಎಂದು. 1937ರ ಹೊತ್ತಿಗೆ ಮನೆಯನ್ನು ವಾಸಕ್ಕೆ ಯೋಗ್ಯ ಮಾಡಿಕೊಡು, ಇಲ್ಲದಿದ್ದರೆ ಕೋರ್ಟು ಎನ್ನುವ ಮಟ್ಟಕ್ಕೆ ಹೋಯಿತು. ಯುದ್ಧ ಬಂದು ಕೋರ್ಟಿನ ಮಾತು ಅಲ್ಲಿಗೇ ನಿಂತಿತು. 2016ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

— ಸೋರುವ ಮನೆಯನ್ನು! ಅಲ್ಲಿ ಮಳೆ ಎಷ್ಟು?

— ವರ್ಷಕ್ಕೆ ಏಳುನೂರು ಮಿಲಿಮೀಟರು ಮುಟ್ಟುವುದೂ ಕಷ್ಟ. ನಮ್ಮಲ್ಲಿ ಮೂರೂವರೆ ಸಾವಿರದ ಆಸುಪಾಸು.

— ಹಾಗಾದರೆ ಆ ಹೆಂಗಸಿಗೆ ಒಂದು ಶೀಟು ಹಾಕಿಸಿಕೊಡಬಹುದಿತ್ತು. ಯುನೆಸ್ಕೊದವರು ಬರುತ್ತಿರಲಿಲ್ಲ, ಬಚ್ಚಲು ಒಣಗಿರುತ್ತಿತ್ತು.

— ನೀವು ನಗುತ್ತೀರಿ. ನನಗೆ ಮಾತ್ರ ಮಂಗಳೂರಿನಿಂದ ಇಲ್ಲಿಗೆ ಬರುವ ದಾರಿಯಲ್ಲಿ ಈ ಶೀಟುಗಳನ್ನು ನೋಡುವಾಗ ಕಸಿವಿಸಿ. ನೀಲಿ, ಕೆಂಪು, ಹಸಿರು. ಕೆಳಗೆ ಅರವತ್ತು ಲಕ್ಷದ ಮನೆ, ಮೇಲೆ ಪೆಟ್ರೋಲು ಪಂಪಿನ ಚಾವಣಿ. ನಕ್ಷೆ ಮಾಡುವಾಗ ಯಾರೂ ಅದನ್ನು ಬರೆಯುವುದಿಲ್ಲ. ಮನೆ ಒಕ್ಕಲಾದ ಮೇಲೆ ವೆಲ್ಡಿಂಗಿನವನು ಬಂದು ನಾಲ್ಕು ಪೈಪು ನಿಲ್ಲಿಸಿ ಹೋಗುತ್ತಾನೆ.

— ಅವನೇ ನಿಮಗಿಂತ ಬುದ್ಧಿವಂತ ಅಂತ ನಾನು ಹೇಳಿದರೆ? ಬನ್ನಿ, ಮೇಲೆ ಹತ್ತಿ. ಕೆಳಗೆ ಕೂತು ಶೀಟಿನ ಬಣ್ಣ ಬೈಯುವುದು ಸುಲಭ.

— ಓಹೋ. ಇಲ್ಲಿ ಅಡಿಕೆಯೇ ತುಂಬಿದೆ.

— ತುಂಬದೆ? ಚಾಲಿ ಆಗಬೇಕಾದರೆ ಹಣ್ಣಡಿಕೆಗೆ ನಲವತ್ತು ದಿನದ ಬಿಸಿಲು ಬೇಕು. ಹಿಂದೆ ಕಾರ್ತಿಕದಲ್ಲಿ ಅಂಗಳ ಕೆತ್ತಿ, ನೀರು ಹಾಕಿ ಬಡಿದು, ಸೆಗಣಿ ಸಾರಿಸಿ ಹರವುತ್ತಿದ್ದೆವು. ಕೋಳಿ ಕೆದಕದ ಹಾಗೆ, ದನ ತುಳಿಯದ ಹಾಗೆ ಕಾಯಬೇಕು. ಟೇರೇಸು ಬಂದಾಗ ನಮಗೆ ಮೊದಲು ಹೊಳೆದದ್ದೇ ಇದು: ಸಗಣಿ ಹಾಕದೆ, ಕೋಳಿ ಬಾರದೆ ಒಂದು ಅಂಗಳ ಸಿಕ್ಕಿತು ಅಂತ. ನಿಮ್ಮ ಫ್ರಾನ್ಸಿನವನು ತಾರಸಿಯಲ್ಲಿ ಎಂತ ಮಾಡಬೇಕು ಅಂದಿದ್ದ?

— ಹೂದೋಟ. 1927ರಲ್ಲಿ ಹೊಸ ಮನೆಗೆ ಐದು ಸೂತ್ರ ಹೇಳಿದ, ಅದರಲ್ಲಿ ತಾರಸಿ ತೋಟವೂ ಒಂದು. ಮನೆ ನೆಲದ ಮೇಲೆ ಎಷ್ಟು ಜಾಗ ನುಂಗುತ್ತದೋ ಅಷ್ಟನ್ನು ಮೇಲೆ ವಾಪಸು ಕೊಡಬೇಕು ಎಂಬ ಲೆಕ್ಕ.

— ಲೆಕ್ಕ ಸರಿಯೇ ಇದೆ. ನಾವು ಹೂವಿನ ಬದಲು ಅಡಿಕೆ ಹಾಕಿದೆವು, ಅಷ್ಟೇ ವ್ಯತ್ಯಾಸ. ಈಗ ನೋಡಿ, ನವೆಂಬರಿನಲ್ಲೂ ಮಳೆ, ಡಿಸೆಂಬರಿನಲ್ಲೂ ಮಳೆ. ಒಂದು ಸಲ ನೆನೆದರೆ ಬೂಸ್ಟು ಬಂತು, ಒಳ್ಳೆಯ ಅಡಿಕೆ ಕರಿಗೋಟಿಗೆ ಹೋಯಿತು. ಅದಕ್ಕೆ ದಕ್ಷಿಣದ ಅರ್ಧ ಭಾಗಕ್ಕೆ ಬಿಸಿಲು ಹಾಯುವ ಪಾರದರ್ಶಕ ಶೀಟು, ಉಳಿದದ್ದಕ್ಕೆ ನೀಲಿ. ಪಾರದರ್ಶಕದ ಕೆಳಗೆ ಅಡಿಕೆ ಹೊರಗಿಗಿಂತ ಬೇಗ ಒಣಗುತ್ತದೆ. ನೀಲಿಯ ಕೆಳಗೆ ಮಳೆಗಾಲದಲ್ಲಿ ಬಟ್ಟೆ, ಮಕ್ಕಳು ಬಂದರೆ ಆಟ. ಸ್ಲ್ಯಾಬಿಗೆ ನೇರ ಬಿಸಿಲು ತಾಗದ ಕಾರಣ ಕೆಳಗಿನ ಕೋಣೆಯಲ್ಲಿ ರಾತ್ರಿ ನಿದ್ದೆ ಬರುತ್ತದೆ. ನಾಲ್ಕೂ ಬದಿ ಗಾಳಿ ಆಡುತ್ತದೆ. ಕಟ್ಟಡ ತನ್ನ ಕೆಲಸಕ್ಕೆ ತಕ್ಕ ಹಾಗೆ ಇರಬೇಕು, ಸೊಗಸು ಆಮೇಲೆ ಅಂತ ನಿಮ್ಮವರೇ ಅಲ್ಲವೇ ಹೇಳಿದ್ದು? ಇದಕ್ಕಿಂತ ಕೆಲಸದ ಕಟ್ಟಡ ಎಲ್ಲಿದೆ?

— ಅದು ಹೌದು. ಇದನ್ನು ನಾನು ಕೆಳಗಿನಿಂದ ಲೆಕ್ಕ ಹಾಕಿರಲಿಲ್ಲ. ಆದರೂ ಒಂದು ತಕರಾರು ಉಳಿಯುತ್ತದೆ. ಮಳೆ ತಡೆಯಲು ಶೀಟೇ ಸಾಕಾದರೆ ಕೆಳಗಿನ ಸ್ಲ್ಯಾಬಿಗೆ ಸುರಿದ ಸಿಮೆಂಟು, ಕಂಬಿ, ಜಲ್ಲಿ, ಹೊಯ್ಗೆ ಎಲ್ಲ ಯಾತಕ್ಕೆ? ಒಂದೇ ಕೆಲಸಕ್ಕೆ ಎರಡು ಮಾಡು.

— ಕಳ್ಳರ ಭಯಕ್ಕೆ. ಮೇಲೊಂದು ಮಾಳಿಗೆ ಎಬ್ಬಿಸುವ ಆಸೆಗೆ. ಮತ್ತೆ, ಹಂಚಿನ ಮನೆಗೆ ಹೆಣ್ಣು ಕೊಡಲು ಯೋಚನೆ ಮಾಡುತ್ತಿದ್ದ ಕಾಲವೂ ಒಂದಿತ್ತು ಮಾರಾಯ್ರೆ, ಅದನ್ನೂ ಬರೆದುಕೊಳ್ಳಿ.

— ಆಸೆ ಎಂದದ್ದು ಸರಿ. ಈಗ ಹೆದ್ದಾರಿ ಅಗಲ ಮಾಡುವಾಗ ಆ ಆಸೆಯ ಒಳಗನ್ನೂ ನೋಡಿದ್ದಾಯಿತು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರು ಆರು ಪಥ ಆಗುವಾಗ ದಾರಿ ಬದಿಯ ಎಷ್ಟೋ ಕಟ್ಟಡಗಳನ್ನು ಅರ್ಧಕ್ಕೆ ಕತ್ತರಿಸಿದರಲ್ಲ. ನಾವು ಕಾಲೇಜಿನಲ್ಲಿ ಕಟ್ಟಡವನ್ನು ಮಧ್ಯಕ್ಕೆ ಸೀಳಿದ ಚಿತ್ರ ಬರೆಯುತ್ತೇವೆ, ಸೆಕ್ಷನ್ ಅಂತ. ಉಪ್ಪಳದಿಂದ ಕಾಸರಗೋಡಿನವರೆಗೆ ದಾರಿಯುದ್ದಕ್ಕೂ ನಿಜವಾದ ಸೆಕ್ಷನ್‌ಗಳು ನಿಂತಿದ್ದವು. ಬಸ್ಸಿನ ಕಿಟಕಿಯಿಂದಲೇ ಐವತ್ತು ವರ್ಷದ ಚರಿತ್ರೆ ಓದಬಹುದಿತ್ತು.

— ನನಗೆ ಹಸಿರು ಗೋಡೆಯಲ್ಲಿ ನೇತಾಡುತ್ತಿದ್ದ ಕ್ಯಾಲೆಂಡರು ಕಂಡು ಸಂಕಟವಾಗಿತ್ತು. ನಿಮಗೆ ಎಂತ ಕಂಡಿತು?

— ಮನೆಗಳಾದರೆ ಒಳಗೆ ಮುರಕಲ್ಲಿನ ಗೋಡೆ, ಅದರ ಮೇಲೆ ಸಿಮೆಂಟು ಗಾರೆ, ಅದರ ಮೇಲೆ ಪದರ ಪದರ ಬಣ್ಣ. ಭಾರ ಹೊರುವುದು ಕಲ್ಲು. ಸ್ಲ್ಯಾಬು ಆ ಗೋಡೆಯ ಮೇಲೆ ಕೂತಿದೆ, ತಲೆಗೆ ಮುಟ್ಟಾಳೆ ಇಟ್ಟ ಹಾಗೆ. ಅಂಗಡಿ ಕಟ್ಟಡಗಳು ಬೇರೆ ಜಾತಿ. ಅಲ್ಲಿ ಕಂಬ ಮತ್ತು ಚಪ್ಪಡಿಯದೇ ಯಜಮಾನಿಕೆ, ಗೋಡೆ ಹೆಸರಿಗೆ ಮಾತ್ರ. 1914ರಲ್ಲಿ ಅದೇ ಕಾರ್ಬೂಸಿಯೆ ಒಂದು ಚಿತ್ರ ಬರೆದಿದ್ದ, ದೊಮ್-ಇನೊ ಅಂತ ಹೆಸರು. ಆರು ಕಂಬ, ಮೂರು ಚಪ್ಪಡಿ, ಒಂದು ಮೆಟ್ಟಿಲು, ಅಷ್ಟೇ. ಯುದ್ಧದಲ್ಲಿ ಹಾಳಾದ ಊರುಗಳಲ್ಲಿ ಬೇಗ ಕಟ್ಟಿಕೊಡಿ, ಗೋಡೆಯನ್ನು ಜನರೇ ತಮಗೆ ಬೇಕಾದ ಹಾಗೆ ತುಂಬಿಸಿಕೊಳ್ಳಲಿ ಎಂಬ ಯೋಚನೆ. ಅವನಿಗೆ ಆಗ ಗಿರಾಕಿ ಸಿಗಲಿಲ್ಲ. ಕುಂಬಳೆ ಪೇಟೆಯಲ್ಲಿ, ಚೆರ್ಕಳದಲ್ಲಿ, ಕಾಞಂಗಾಡಿನಲ್ಲಿ ಅವನ ಹೆಸರು ಕೇಳದ ಕಂಟ್ರಾಕ್ಟರುಗಳು ಅದನ್ನೇ ನೂರಾರು ಕಟ್ಟಿದರು. ಮುಂದಿನ ಮಾಳಿಗೆಗೆ ಎಂದು ಮೇಲೆ ಬಿಟ್ಟ ಕಂಬಿ ತುಕ್ಕು ಹಿಡಿಯುತ್ತಾ ನಿಂತಿದೆಯಲ್ಲ, ಅದು ಮಾತ್ರ ನಮ್ಮ ಸೇರ್ಪಡೆ.

— ಹಾಗಾದರೆ ಆಧುನಿಕ ವಾಸ್ತುಶಿಲ್ಪಕ್ಕೆ ನಾವೇ ವಾರಸುದಾರರು ಅನ್ನಿ.

— ವಾರಸುದಾರರೇ, ಆದರೆ ಆಸ್ತಿಪತ್ರ ಓದದವರು. ಸತ್ಯವನ್ನು ಮುಚ್ಚಬೇಡ, ಕಲ್ಲು ಕಲ್ಲಾಗಿಯೇ ಕಾಣಲಿ ಎಂಬುದೂ ಅದರಲ್ಲಿತ್ತು. ನಾವು ಮಾಡಿದ್ದೇನು? ಬೇಕಲ ಕೋಟೆ ಹದಿನೇಳನೇ ಶತಮಾನದಿಂದ ಬೋಳು ಮುರಕಲ್ಲಿನಲ್ಲಿ, ಅರಬ್ಬಿ ಸಮುದ್ರದ ಮಳೆಗೆ ಮೈಯೊಡ್ಡಿ ನಿಂತಿದೆ, ಇಕ್ಕೇರಿಯ ನಾಯಕರು ಕಟ್ಟಿಸಿದ್ದು. ಮುರಕಲ್ಲು ನೆಲದಿಂದ ಕಡಿಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಈ ಕಲ್ಲು ನೋಡಿ 1807ರ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಹೆಸರು ಕೊಟ್ಟ. ಅಂಥ ಕಲ್ಲಿಗೆ ನಾವು ನಾಚಿಕೊಂಡು ಗಾರೆ ಬಳಿದೆವು. ಈಗ ಬೈಕಂಪಾಡಿಯ ಸಿಮೆಂಟು ಬ್ಲಾಕಿನ ಗೋಡೆ ಕಟ್ಟಿ, ಅದರ ಮೇಲೆ ಬಿಸ್ಕತ್ತಿನ ದಪ್ಪಕ್ಕೆ ಸೀಳಿದ ಮುರಕಲ್ಲನ್ನು ಗೋಂದಿನಲ್ಲಿ ಅಂಟಿಸುತ್ತೇವೆ. ಕ್ಲಾಡಿಂಗ್ ಅಂತ ಹೆಸರು, ಚದರ ಅಡಿಗೆ ಇಷ್ಟು ಅಂತ ರೇಟು.

— ಹಂಚಿಗೂ ಅದೇ ಗತಿ. ಇಳಿಜಾರು ಕಾಂಕ್ರೀಟು ಹಾಕಿ ಅದರ ಮೇಲೆ ಹಂಚು ಅಂಟಿಸುತ್ತಾರೆ. ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದಾಗ ಅದು ಗಾಳಿಯಾಡುವ ಮಾಡು ಆಗಿತ್ತು, ಹೊಗೆ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಈಗ ಅದು ಅಂಗಿ.

— ಆ ಹಂಚೇ ಒಂದು ಕಾಲದ ಆಧುನಿಕ ವಸ್ತು ಎಂಬುದು ಮರೆತೇ ಹೋಗಿದೆ. ಮುಳಿಹುಲ್ಲಿನ ಮನೆಯವರಿಗೆ, ಅಚ್ಚಿನಲ್ಲಿ ಒತ್ತಿ ತೆಗೆದ, ಎಲ್ಲ ಒಂದೇ ಅಳತೆಯ, ಕಾರ್ಖಾನೆಯ ಹಂಚು ಬಂದಾಗ ಅದು ಎಂಥ ಹೊಸತಾಗಿ ಕಂಡಿರಬೇಕು. ನಾವೀಗ ಅದನ್ನು ಪರಂಪರೆ ಎನ್ನುತ್ತೇವೆ.

— ಇನ್ನು ಐವತ್ತು ವರ್ಷಕ್ಕೆ ನೀಲಿ ಶೀಟೂ ಪರಂಪರೆಯಾಗುತ್ತದೆ. ನಿಮ್ಮ ಮೊಮ್ಮಕ್ಕಳು ಅದನ್ನು ಅಂಟಿಸುತ್ತಾರೆ.

— ದಯವಿಟ್ಟು ಹಾಗೆ ಹೇಳಬೇಡಿ. ಆದರೆ ನನ್ನ ನಿಜವಾದ ಜಗಳ ಶೀಟಿನ ಜೊತೆ ಅಲ್ಲ, ಈಗ ಬರುತ್ತಿರುವ ಕಂಟೆಂಪರರಿ ಮನೆಗಳ ಜೊತೆ. ಬಿಳಿ ಪೆಟ್ಟಿಗೆ, ಬೂದು ಪಟ್ಟಿ, ಮೂಲೆಯಲ್ಲಿ ಗಾಜು. ಮೊಗ್ರಾಲಿನಲ್ಲಿ, ಚೆಮ್ನಾಡಿನಲ್ಲಿ ಸಾಲು ಸಾಲು. ವಿಲ್ಲಾ ಸವೋಯ್ ಮತ್ತೆ ಹುಟ್ಟಿದೆ, ಈ ಸಲ ಎಸಿ ಹಾಕಿಕೊಂಡು.

— ಕೊಲ್ಲಿಯ ದುಡ್ಡು. ಅದನ್ನು ಹಗುರವಾಗಿ ಮಾತಾಡಬೇಡಿ. ನನ್ನ ಕ್ಲಾಸಿನಲ್ಲಿ ಕೂತ ಹುಡುಗರು ಅಲ್ಲಿಯ ಬಿಸಿಲಿನಲ್ಲಿ ಯಾರ್ಯಾರದೋ ಕಟ್ಟಡಕ್ಕೆ ಕಂಬಿ ಕಟ್ಟಿ ಕಳಿಸಿದ ದುಡ್ಡು ಅದು. ತಾವೇ ಕಟ್ಟಿದ ಕಟ್ಟಡದ ಹಾಗಿನ ಒಂದು ಮನೆ ತಮಗೂ ಬೇಕು ಅಂತ ಅವರಿಗೆ ಅನಿಸಿದರೆ ತಪ್ಪೆಂತ?

— ತಪ್ಪು ಅಂತ ಅಲ್ಲ. ಇದರಲ್ಲಿ ಚರಿತ್ರೆಯ ಒಂದು ತಮಾಷೆಯೂ ಇದೆ. 1927ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಆಧುನಿಕ ಶಿಲ್ಪಿಗಳು ಸೇರಿ ವೈಸೆನ್‌ಹೋಫ್ ಎಂಬ ಬಡಾವಣೆ ಕಟ್ಟಿದರು, ಎಲ್ಲ ಚಪ್ಪಟೆ ತಾರಸಿಯ ಮನೆಗಳು, ಹೆಚ್ಚಿನವು ಬಿಳಿ. ಆಗದವರು ಆ ಫೋಟೊದಲ್ಲಿ ಒಂಟೆ, ಸಿಂಹ, ಅರಬರನ್ನು ಅಂಟಿಸಿ, ಅರಬ್ ಹಳ್ಳಿ ಎಂದು ಗೇಲಿ ಮಾಡಿ ಪೋಸ್ಟ್‌ಕಾರ್ಡು ಅಚ್ಚು ಹಾಕಿಸಿದರು. ಚಪ್ಪಟೆ ಮಾಡು ಮರುಭೂಮಿಗೇ ಸರಿ, ನಮ್ಮ ಹಿಮಕ್ಕೆ ಮಳೆಗೆ ಆಗದು ಎಂಬ ಕುಹಕ, ಜನಾಂಗದ ತಿರಸ್ಕಾರವೂ ಅದರೊಳಗೆ ಇತ್ತು. ಅದೇ ತಾರಸಿ ಕೊನೆಗೆ ನಿಜವಾಗಿಯೂ ಅರಬ್ ದೇಶದ ದುಡ್ಡಿನಲ್ಲಿ, ಪ್ರಪಂಚದಲ್ಲೇ ಜಾಸ್ತಿ ಮಳೆ ಬೀಳುವ ಕರಾವಳಿಗಳಲ್ಲಿ ಒಂದಕ್ಕೆ ಬಂದು ಕೂತಿತು.

— ಮಧೂರಿನ ದೇವಸ್ಥಾನ ನೋಡಿ, ಮೂರು ನೆಲೆಯ ಇಳಿಜಾರು ಮಾಡು. ತಳಂಗರೆಯ ಮಾಲಿಕ್ ದೀನಾರ್ ಮಸೀದಿ ನೋಡಿ, ಅದೂ ಹಳೆಯ ಕೇರಳದ ಇಳಿಜಾರು ಮಾಡಿನದೇ. ದೇವರು ಯಾರಾದರೂ ನೀರು ಇಳಿಯಬೇಕಾದದ್ದು ಕೆಳಗೇ ಅಂತ ಆ ಮೇಸ್ತ್ರಿಗಳಿಗೆ ಗೊತ್ತಿತ್ತು. ಆದರೆ ನಿಮ್ಮ ಆಧುನಿಕರು ಅಲಂಕಾರ ಬಿಡಬೇಕು ಅಂದರಲ್ಲ, ಅದರಲ್ಲಿ ನನಗೆ ಆಕ್ಷೇಪ ಇಲ್ಲ. ನಾನು ಕನ್ನಡ ಮೇಷ್ಟ್ರು. ನಮ್ಮ ಮಂಜೇಶ್ವರದಲ್ಲಿ ಅದೇ ಕೆಲಸ ಒಬ್ಬರು ಮಾಡಿದ್ದಾರೆ.

— ಗೋವಿಂದ ಪೈಗಳು?

— ಅವರೇ. 1911ರಲ್ಲಿ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟು ಪದ್ಯ ಬರೆದರು. ಸಾವಿರ ವರ್ಷದಿಂದ ಕನ್ನಡ ಕವಿಗಳು ಸಾಲಿನ ಎರಡನೆಯ ಅಕ್ಷರ ಹೊಂದಿಸಲು ಒದ್ದಾಡಿದ್ದರು. ಅದು ಇಲ್ಲದೆ ಕಾವ್ಯವೇ ಅಲ್ಲ ಅಂತ ಪಂಡಿತರು ಸಿಟ್ಟಾದರು.

— 1910ರಲ್ಲಿ ವಿಯೆನ್ನಾದಲ್ಲಿ ಅಡಾಲ್ಫ್ ಲೂಸ್ ಎಂಬವನು ಅಲಂಕಾರವೆಂದರೆ ಅಪರಾಧ ಎಂದು ಭಾಷಣ ಮಾಡಿದ. ಒಂದೇ ವರ್ಷದ ಅಂತರ! ಕುಶಲಕರ್ಮಿಯ ಶ್ರಮ ವ್ಯರ್ಥವಾಗುತ್ತದೆ ಎಂದು ಅವನ ವಾದ.

— ಇಸವಿ ಜೋಡಿಸಿ ಖುಷಿಪಡಬೇಡಿ, ಪೈಗಳಿಗೆ ಆ ವಿಯೆನ್ನಾದವನ ಹೆಸರು ತಿಳಿದಿದ್ದರೆ ನನಗೆ ಆಶ್ಚರ್ಯ. ನಾನು ಹೇಳಲು ಹೊರಟದ್ದು ಬೇರೆ. ಪೈಗಳು ಪ್ರಾಸ ಬಿಟ್ಟರು, ಛಂದಸ್ಸು ಬಿಡಲಿಲ್ಲ. ಮಾತ್ರೆ ತಪ್ಪಲಿಲ್ಲ, ಗಣ ತಪ್ಪಲಿಲ್ಲ. ಯಾವುದು ಆಭರಣ, ಯಾವುದು ಬೆನ್ನೆಲುಬು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಿಮ್ಮ ಬಿಳಿ ಪೆಟ್ಟಿಗೆಯವರು ಎಂತ ಬಿಟ್ಟರು?

— ಸೂರು ಬಿಟ್ಟರು.

— ಅಲ್ಲಿಗೆ ಬನ್ನಿ. ಕಂಬದ ಕೆತ್ತನೆ ಪ್ರಾಸ, ಬೇಕಾದರೆ ಬಿಡಿ. ಸೂರು ಪ್ರಾಸವೋ ಛಂದಸ್ಸೋ?

— ಮಾಸ್ಟ್ರೇ, ಇದನ್ನು ನಾನು ಎಲ್ಲಾದರೂ ಕದ್ದು ಹೇಳುತ್ತೇನೆ. ನಿಜವೇ. ಆಧುನಿಕರಲ್ಲೂ ಒಂದು ಗುಂಪು ಅದನ್ನು ತಿಳಿದುಕೊಂಡಿತ್ತು. ಒಟ್ಟೊ ಕ್ಯೋನಿಗ್ಸ್‌ಬರ್ಗರ್ ಬರ್ಲಿನಿನ ಯಹೂದಿ, ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅವನ ಕಟ್ಟಡಗಳಿವೆ. ಬಿಸಿಲು ಯಾವ ಕೋನದಲ್ಲಿ ಬರುತ್ತದೆ, ಗಾಳಿ ಎಲ್ಲಿಂದ ಬೀಸುತ್ತದೆ ಎಂಬುದರಿಂದ ಕಟ್ಟಡ ಶುರುವಾಗಬೇಕು ಎಂಬುದನ್ನು ಅವನು ಇಲ್ಲಿ ಕಲಿತು, ಆಮೇಲೆ ಲಂಡನ್ನಿನಲ್ಲಿ ಕಲಿಸಿದ. 1956ರಲ್ಲಿ, ನೀವು ಮದ್ರಾಸಿನಿಂದ ಕೇರಳಕ್ಕೆ ಹೋದ ವರ್ಷ, ಮ್ಯಾಕ್ಸ್‌ವೆಲ್ ಫ್ರೈ, ಜೇನ್ ಡ್ರೂ ಎಂಬ ದಂಪತಿ ತೇವದ ಉಷ್ಣ ವಲಯಕ್ಕೆ ಹೇಗೆ ಕಟ್ಟಬೇಕು ಎಂದೇ ಪುಸ್ತಕ ಬರೆದರು.

— ನಾವು ಹೋದದ್ದಲ್ಲ, ಮನೆ ಇಲ್ಲೇ ಇತ್ತು. ಗಡಿ ಹೋದದ್ದು.

— ತಪ್ಪಾಯಿತು. ಅರುವತ್ತು ಎಪ್ಪತ್ತರ ಪಿಡಬ್ಲ್ಯುಡಿ ಕಟ್ಟಡಗಳಲ್ಲಿ ಆ ಬುದ್ಧಿಯ ಒಂದು ಸಣ್ಣ ಪಾಲು ಇತ್ತು ಅಂತ ನನಗೆ ಅನಿಸುತ್ತದೆ. ಶಾಲೆ, ಆಫೀಸು, ಆಸ್ಪತ್ರೆ. ಚಪ್ಪಟೆ ಮಾಡೇ, ಆದರೆ ಕಿಟಕಿಯ ಮೇಲೆ ಎರಡಡಿ ಸನ್‌ಶೇಡು, ಮೆಟ್ಟಿಲ ಬದಿಗೆ ಸಿಮೆಂಟು ಜಾಲಿ, ಕೋಣೆಯ ಮುಂದೆ ಉದ್ದ ವರಾಂಡ. ನೋಡಲು ಬಡಕಲು, ಆದರೆ ಮೇ ತಿಂಗಳಲ್ಲಿ ಒಳಗೆ ಕೂರಬಹುದು. ಈಗ ಆ ಕಟ್ಟಡಗಳನ್ನು 'ಹಳತು' ಎಂದು ಕೆಡವುತ್ತಾರೆ, ಯಾರೂ ಒಂದು ಫೋಟೊ ಕೂಡ ತೆಗೆಯುವುದಿಲ್ಲ. ನಾಲ್ಕು ಸುತ್ತಿನ ಮನೆ ಕೆಡವಿದರೆ ಪತ್ರಿಕೆಯಲ್ಲಿ ಲೇಖನ ಬರುತ್ತದೆ.

— ಜಾಲಿಯಲ್ಲಿ ಮಕ್ಕಳು ಕಾಲಿಟ್ಟು ಹತ್ತುತ್ತಿದ್ದರು, ಅಷ್ಟೇ ತೊಂದರೆ. ಲಾರಿ ಬೇಕರ್ ಹೆಸರು ನೀವು ಇನ್ನೂ ಎತ್ತಲಿಲ್ಲ, ಕೇರಳದಲ್ಲಿ ಮನೆ ಮಾತು ಬಂದರೆ ಎಲ್ಲರೂ ಮೊದಲು ಎತ್ತುವುದು ಅವರನ್ನೇ.

— ಅದಕ್ಕೇ ಎತ್ತಲಿಲ್ಲ. ಅವರಿಗೆ ಎಲ್ಲರೂ ಕೈಮುಗಿಯುತ್ತಾರೆ, ಅವರು ಹೇಳಿದ್ದನ್ನು ಮಾಡುವುದು ಮಾತ್ರ ವಿರಳ. ಅವರ ಒಂದು ಉಪಾಯ ಮಾತ್ರ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಸ್ಲ್ಯಾಬಿನ ಕೆಳಭಾಗ ಎಳೆತಕ್ಕೆ ಸಿಗುತ್ತದೆ. ಎಳೆತ ತಡೆಯುವುದು ಕಂಬಿ, ಕಾಂಕ್ರೀಟಲ್ಲ. ಕಾಂಕ್ರೀಟು ಅಲ್ಲಿ ಬರೀ ಜಾಗ ತುಂಬಿಸಲು. ಹಾಗಾದರೆ ಆ ಜಾಗಕ್ಕೆ ಹಳೆಯ ಮಂಗಳೂರು ಹಂಚನ್ನೇ ಜೋಡಿ ಜೋಡಿಯಾಗಿ ಕವುಚಿ ಇಟ್ಟರೆ ಸಿಮೆಂಟೂ ಉಳಿಯಿತು, ಭಾರವೂ ಇಳಿಯಿತು, ಹಂಚಿನ ನಡುವಿನ ಗಾಳಿ ಬಿಸಿಯನ್ನೂ ತಡೆಯಿತು. ಕೆಡವಿದ ಮನೆಯ ಹಂಚು ನಿಮ್ಮ ಹಟ್ಟಿಯ ಹಿಂದೆ ಇನ್ನೂ ರಾಶಿ ಇದೆಯಲ್ಲ?

— ಪಾಚಿ ಹಿಡಿದಿದೆ. ತೊಳೆದರೆ ಹೋಗುತ್ತದೆ. ಆದರೆ ನೀವು ಬರೀ ನನ್ನಂಥವನ ಮನೆಯ ಬಗ್ಗೆ ಮಾತಾಡುತ್ತಿದ್ದೀರಿ. ಅಡಿಕೆ ಇದ್ದವನಿಗೆ ಶೀಟೂ ಉಂಟು, ಸ್ಲ್ಯಾಬೂ ಉಂಟು. ಇಲ್ಲದವರಿಗೆ ಎಂತ ಉಂಟು? ನಿಮ್ಮ ಆಧುನಿಕರು ಬಡವರಿಗೂ ಮನೆ ಅಂದಿರಲಿಲ್ಲವೇ?

— ಅಂದಿದ್ದರು. ಫ್ರಾಂಕ್‌ಫರ್ಟಿನಲ್ಲಿ 1929ರಲ್ಲಿ ಅದಕ್ಕೆಂದೇ ಸಮ್ಮೇಳನ ಮಾಡಿದರು: ಮನುಷ್ಯ ಮರ್ಯಾದೆಯಿಂದ ಬದುಕಲು ಕಡಿಮೆ ಎಂದರೆ ಎಷ್ಟು ಜಾಗ ಬೇಕು ಅಂತ. ಅವರ ಮಾತುಗಳಲ್ಲಿ ನನಗೆ ಈಗಲೂ ಗೌರವ ಇರುವುದು ಇದೊಂದರ ಮೇಲೆ.

— ಅದು ಇಲ್ಲಿಗೆ ಬಂದದ್ದು ನಾನು ನೋಡಿದ್ದೇನೆ. 1972ರಲ್ಲಿ ಅಚ್ಯುತ ಮೇನೋನ್ ಮುಖ್ಯಮಂತ್ರಿ, ಎಂ.ಎನ್. ಗೋವಿಂದನ್ ನಾಯರ್ ಮಂತ್ರಿ. ಲಕ್ಷಂ ವೀಡು. ನೆಲವಿಲ್ಲದವರಿಗೆ ಒಂದು ಲಕ್ಷ ಮನೆ. ನಡುಗೋಡೆ ಒಂದು, ಆಚೆ ಒಂದು ಸಂಸಾರ, ಈಚೆ ಒಂದು ಸಂಸಾರ. ಆ ಕಾಲೊನಿಯ ಮಕ್ಕಳು ನನ್ನ ಕ್ಲಾಸಿಗೆ ಬರುತ್ತಿದ್ದರು. ಮೊದಲ ಸಲ ತಮ್ಮದು ಅಂತ ಒಂದು ಬಾಗಿಲು, ಒಂದು ಚಿಲಕ. ಆದರೆ ನಡುಗೋಡೆ ಸೀಳಿದರೆ ಯಾರು ದುರಸ್ತಿ ಮಾಡುವುದು ಅಂತ ಎರಡು ಮನೆಯವರಿಗೂ ಜಗಳ. ಈಗ ಲೈಫ್ ಮಿಷನ್. ನಾನೂರು ಚದರ ಅಡಿ, ನಾಲ್ಕು ಲಕ್ಷ ರೂಪಾಯಿ, ಹೆಚ್ಚಿನವು ಚಪ್ಪಟೆ ಸ್ಲ್ಯಾಬು. ಆ ದುಡ್ಡು ಸ್ಲ್ಯಾಬಿಗೇ ಮುಗಿಯುತ್ತದೆ, ಮೇಲೆ ಶೀಟು ಹಾಕಲು ಎಲ್ಲಿಂದ? ಇಲ್ಲಿ ಶೀಟಿಲ್ಲದ ಟೇರೇಸು ಕಂಡರೆ ಎರಡೇ ಕಾರಣ: ಒಂದೋ ಎಸಿ ಇದ್ದವನು, ಇಲ್ಲ ದುಡ್ಡಿಲ್ಲದವನು. ದುಡ್ಡಿಲ್ಲದವನು ಎಪ್ರಿಲಿನಲ್ಲಿ ಹೊರಗೆ ಮಲಗುತ್ತಾನೆ.

— ನೀಲಿ ಶೀಟನ್ನು ಬೈಯುವವರಲ್ಲಿ ಯಾರಿಗೂ ಇದು ಹೊಳೆಯುವುದಿಲ್ಲ, ನನ್ನನ್ನೂ ಸೇರಿಸಿ. ಇನ್ನು ಕಾರ್ಖಾನೆಯಲ್ಲಿ ಮನೆ ತಯಾರಿಸಿ ತಂದು ಜೋಡಿಸುವ ಕನಸು ಇತ್ತಲ್ಲ, ಅದನ್ನೂ ಕಾಸರಗೋಡು ನೋಡಿತು. 2020ರಲ್ಲಿ ಕೊರೊನಾ ಬಂದಾಗ ಕರ್ನಾಟಕದವರು ತಲಪಾಡಿಯಲ್ಲಿ ದಾರಿ ಮುಚ್ಚಿದರು, ಇಲ್ಲಿಯ ರೋಗಿಗಳು ಮಂಗಳೂರಿಗೆ ಹೋಗಲಾಗದೆ ಸತ್ತರು.

— ಅದರ ಬಗ್ಗೆ ನಾನು ಮಾತಾಡಿದರೆ ಬಿಪಿ ಏರುತ್ತದೆ. ಕನ್ನಡದ ರಾಜ್ಯ, ಕನ್ನಡದವರಿಗೇ ಬಾಗಿಲು ಹಾಕಿತು.

— ಅದೇ ವರ್ಷ ತೆಕ್ಕಿಲಿನಲ್ಲಿ ಟಾಟಾದವರು ಕೆಲವೇ ತಿಂಗಳಲ್ಲಿ ಐನೂರಕ್ಕೂ ಹೆಚ್ಚು ಹಾಸಿಗೆಯ ಆಸ್ಪತ್ರೆ ಮಾಡಿಕೊಟ್ಟರು. ಎಲ್ಲೋ ಕಾರ್ಖಾನೆಯಲ್ಲಿ ತಯಾರಾದ ಪೆಟ್ಟಿಗೆಗಳು ಲಾರಿಯಲ್ಲಿ ಬಂದು ಗುಡ್ಡದ ಮೇಲೆ ಸಾಲಾಗಿ ಕೂತವು. ಕ್ಯೋನಿಗ್ಸ್‌ಬರ್ಗರ್ ವಿಭಜನೆಯ ನಂತರ ದಿಲ್ಲಿಯಲ್ಲಿ ಇಂಥದ್ದೇ ಮನೆ ಕಾರ್ಖಾನೆ ಮಾಡಹೋಗಿ ಸೋತು, 1951ರಲ್ಲಿ ಭಾರತವನ್ನೇ ಬಿಟ್ಟು ಹೋಗಿದ್ದ. ತೆಕ್ಕಿಲಿನದು ಆಪತ್ತಿಗೆ ಒದಗಿತು. ಆದರೆ ಜಿಲ್ಲೆಗೆ ಬೇಕಾದದ್ದು ಪೆಟ್ಟಿಗೆಗಿಂತ ಹೆಚ್ಚಾಗಿ ಡಾಕ್ಟರು. ಅದನ್ನು ವಾಸ್ತುಶಿಲ್ಪಿ ತಂದು ಕೊಡಲಾರ.

— ನೀವಿಬ್ಬರೂ ಅಡಿಕೆ ತುಳಿಯುತ್ತಾ ನಿಂತಿದ್ದೀರಿ. ಸ್ವಲ್ಪ ಬದಿಗೆ ಬನ್ನಿ, ಮಗುಚಬೇಕು.

— ಓ, ಬಂದಿರಾ. ಇವರು ನಮ್ಮ ಹೊಸ ಮನೆಯ ನಕ್ಷೆ ಮಾಡುವವರು. ಜರ್ಮನಿ, ಫ್ರಾನ್ಸ್ ಎಲ್ಲ ಸುತ್ತಿ ಈಗಷ್ಟೇ ತೆಕ್ಕಿಲಿಗೆ ಬಂದರು.

— ಕೇಳಿಸಿತು, ಮೆಟ್ಟಿಲಿನವರೆಗೂ ಕೇಳಿಸುತ್ತಿತ್ತು. ಇಷ್ಟು ಹೊತ್ತು ಮಾಡು, ಗೋಡೆ, ಕಲ್ಲು ಅಂದಿರಿ. ಅಡಿಗೆ ಕೋಣೆ ಅನ್ನುವುದು ಒಮ್ಮೆಯೂ ಬರಲಿಲ್ಲ.

— ಅಡಿಗೆ ಕೋಣೆಯೂ ಆ ಚರಿತ್ರೆಯಲ್ಲಿದೆ ಅಮ್ಮ. 1926ರಲ್ಲಿ ಮಾರ್ಗರೇಟೆ ಶ್ಯೂಟೆ-ಲಿಹೋಟ್ಸ್‌ಕಿ ಎಂಬ ಹೆಂಗಸು ಫ್ರಾಂಕ್‌ಫರ್ಟಿನ ಸಣ್ಣ ಮನೆಗಳಿಗೆ ಅಡಿಗೆ ಕೋಣೆ ರೂಪಿಸಿದಳು. ಒಲೆಯಿಂದ ಸಿಂಕಿಗೆ ಎಷ್ಟು ಹೆಜ್ಜೆ, ಕೈ ಎಷ್ಟು ಎತ್ತರಕ್ಕೆ ಏರಬೇಕು ಎಂದು ಅಳೆದು, ಹೆಜ್ಜೆ ಉಳಿಸಿ ಮಾಡಿದ್ದು. ಈಗಿನ ಮಾಡ್ಯುಲರ್ ಕಿಚನ್ನು ಅದರ ಸಂತಾನ.

— ಅಕ್ಕನ ಮಗನ ಮನೆಯಲ್ಲಿ ಉಂಟು ಆ ಕಿಚನ್ನು. ಹೊಳೆಯುತ್ತದೆ. ಅಲ್ಲಿ ಚಹಾ ಮಾತ್ರ ಮಾಡುವುದು. ಹಿಂದೆ ವರ್ಕ್ ಏರಿಯಾ ಅಂತ ಒಂದು ಇರುಕು, ಮೇಲೆ ತಗಡು. ತೆಂಗಿನಕಾಯಿ ಕೆರೆಯುವುದು, ಹಲಸಿನ ಕಾಯಿ ಕೊಯ್ಯುವುದು, ಸೌದೆ ಒಲೆ ಎಲ್ಲ ಅಲ್ಲಿ. ಮನೆಗೆ ಸುರಿದ ದುಡ್ಡೆಲ್ಲ ಮುಂದಿನ ಚಂದಕ್ಕೆ, ಹೆಂಗಸರು ಇಡೀ ದಿನ ಇರುವುದು ಆ ಹಿಂದಿನ ತಗಡಿನ ಕೆಳಗೆ. ಆ ಹೆಂಗಸು ಹೆಜ್ಜೆ ಅಳೆದಳು ಅಂದಿರಲ್ಲ, ಇಲ್ಲಿ ಬಂದು ಅಳೆಯಲಿ.

— ಇದನ್ನು ಬರೆದುಕೊಳ್ಳಿ, ಇಂಜಿನಿಯರೇ.

— ನಾನು ಇಂಜಿನಿಯರಲ್ಲ, ಮಾಸ್ಟ್ರೇ. ಬರೆದುಕೊಳ್ಳುತ್ತಿದ್ದೇನೆ.

— ಮತ್ತೆ ಇವರು ಈ ಟೇರೇಸನ್ನು ಹೊಗಳಿದ್ದೂ ಕೇಳಿತು, ಕೋಳಿ ಇಲ್ಲ, ದನ ಇಲ್ಲ ಅಂತ. ಅಂಗಳದಲ್ಲಿ ಹರವುವಾಗ ತೋಟದಿಂದ ತಂದ ಬುಟ್ಟಿ ನೇರ ಸುರಿದರೆ ಆಯಿತು. ಇಲ್ಲಿಗೆ ಹೊತ್ತು ತರಬೇಕು. ಒಣಗಿದ ಮೇಲೆ ಪುನಃ ಇಳಿಸಬೇಕು. ಇವರು ಶಾಲೆಗೆ ಹೋಗುತ್ತಿದ್ದರು, ಹೊತ್ತದ್ದು ಇವರಲ್ಲ. ಈಗ ಆಳು ಸಿಗುವುದಿಲ್ಲ, ನನ್ನ ಮಂಡಿಗೂ ಆಗುವುದಿಲ್ಲ.

— ಕಪ್ಪಿ ಹಾಕಿಸಿದ್ದೇನಲ್ಲ, ಹಗ್ಗದಲ್ಲಿ ಎಳೆಯಲು.

— ಹಗ್ಗ ಎಳೆಯುವುದು ಯಾರು?

— ಅಮ್ಮ, ನನಗೆ ಈಗ ಒಂದು ತೋಚುತ್ತಿದೆ. ಎಲ್ಲರೂ ಮನೆ ಬರೆದು ಕೊನೆಗೆ ಮಾಡು ಹಾಕುತ್ತಾರೆ, ಆಮೇಲೆ ಅದರ ಮೇಲೆ ಇನ್ನೊಂದು. ನಾವು ಮಾಡಿನಿಂದಲೇ ಶುರು ಮಾಡೋಣ. ಕಬ್ಬಿಣದ ಟ್ರಸ್ಸು, ಅರ್ಧಕ್ಕೆ ನಿಮ್ಮ ಹಳೆಯ ಹಂಚು, ದಕ್ಷಿಣಕ್ಕೆ ಪಾರದರ್ಶಕ ಶೀಟು, ನಾಲ್ಕೂ ಬದಿ ಮೂರಡಿಗೆ ಕಡಿಮೆ ಇಲ್ಲದ ಸೂರು. ಆ ಮಾಡು ಮನೆಯನ್ನು ದಾಟಿ ಹಿಂದಕ್ಕೆ ಚಾಚಿ ಕೆಳಗೇ ಒಂದು ಅಂಗಳವನ್ನು ಮುಚ್ಚಲಿ, ಅಡಿಗೆ ಕೋಣೆಯ ಬಾಗಿಲು ನೇರ ಅಲ್ಲಿಗೆ. ಅಡಿಕೆ ಅಲ್ಲೇ. ಮಲಗುವ ಕೋಣೆಗಳ ಮೇಲೆ ಮಾತ್ರ ಹಂಚು ತುಂಬಿದ ಸ್ಲ್ಯಾಬು. ಗೋಡೆಗೆ ಗಾರೆ ಬೇಡ, ಮುರಕಲ್ಲು ಹಾಗೆಯೇ ಇರಲಿ. ಸೂರು ಇರುವಾಗ ಎರಚಲು ತಾಗುವುದಿಲ್ಲ.

— ಗಾರೆ ಇಲ್ಲದಿದ್ದರೆ ದುಡ್ಡು ಮುಗಿಯಿತು, ಕೆಲಸ ನಿಂತಿತು ಅಂತ ಊರವರು ಮಾತಾಡಿಕೊಳ್ಳುತ್ತಾರೆ.

— ಮಾತಾಡಲಿ ಬಿಡಿ, ಎರಡು ಮಳೆಗಾಲ ಮಾತಾಡಿ ಸುಮ್ಮನಾಗುತ್ತಾರೆ.

— ಮಕ್ಕಳು ಬಂದಾಗ ಮೇಲೆ ಒಂದು ಕೋಣೆ ಬೇಕು ಅಂತ ದೊಡ್ಡವನು ಫೋನಿನಲ್ಲಿ ಹೇಳಿದ್ದಾನೆ. ಅವನಿಗೆ ಗಾಜಿನದ್ದು ಬೇಕಂತೆ.

— ಗಾಜು ಉತ್ತರಕ್ಕೆ ಕೊಡೋಣ. ಪಡುವಣಕ್ಕೆ ಕೊಡುವುದಿಲ್ಲ, ಅವನು ಏನೇ ಹೇಳಲಿ. ಕೋಣೆ ಟ್ರಸ್ಸಿನ ಕೆಳಗೇ ಸೇರುತ್ತದೆ, ಮೆಟ್ಟಿಲು ಒಳಗಿಂದ.

— ಒಳಗಿಂದ ಬೇಡ, ಹೊರಗಿಂದಲೇ ಇರಲಿ. ಅವರು ವರ್ಷಕ್ಕೆ ಒಮ್ಮೆ ಬರುವುದು, ಉಳಿದ ದಿನ ಅಲ್ಲಿ ಸುಲಿದ ಅಡಿಕೆಯ ಗೋಣಿ ಇಡುವುದೇ. ಅಗಲ ಎಷ್ಟು ಹಾಕುತ್ತೀರಿ?

— ಸಾಮಾನ್ಯಕ್ಕೆ ಮೂರಡಿ.

— ನಾಲ್ಕು ಹಾಕಿ. ಹತ್ತುವವರಿಗೆ ಇಳಿಯುವವರು ಎದುರಾದರೆ ಇಬ್ಬರ ತಲೆಯಲ್ಲೂ ಗೋಣಿ ಇರುತ್ತದೆ.